ಬೆಂಗಳೂರಿನ ಉತ್ತರ ಭಾಗದ ಮನೆಗಳಲ್ಲಿ ಕಾಫಿ: ಬೀಜದ ಆಯ್ಕೆ ಮತ್ತು ಸೋಸುವ ವಿಧಾನಗಳ ಚಾರಿತ್ರಿಕ ಅವಲೋಕನ

ಯಲಹಂಕ, ಹೆಬ್ಬಾಳ, ಯಶವಂತಪುರಗಳು ಮೂಲತಃ ಕೆರೆ ಮತ್ತು ರಾಗಿಹೊಲಗಳ ಊರುಗಳು. ಕೆಂಪೇಗೌಡರ ವಂಶದವರು ಯಲಹಂಕ ನಾಡಪ್ರಭುಗಳೆಂದು ಹೆಸರಾದ ಈ ಸೀಮೆಯಲ್ಲಿ ಕಾಫಿ ಎಂದೂ ಬೆಳೆಯಲಿಲ್ಲ. ಕಾಫಿ ಗಿಡಕ್ಕೆ ಬೇಕಾದ ಮರಗಳ ನೆರಳಾಗಲಿ, ಮಲೆನಾಡಿನ ಮಳೆಯಾಗಲಿ ಇಲ್ಲಿಲ್ಲ. ಬೆಳಗಿನ ಹೊತ್ತು ಅಂಬಲಿ, ಮಜ್ಜಿಗೆ, ತಂಗಳುಗಳಿಂದ ದಿನವನ್ನು ಆರಂಭಿಸುತ್ತಿದ್ದ ಜನಸಮುದಾಯವೊಂದು ಕಾಲಕ್ರಮದಲ್ಲಿ ‘ಕಾಫಿ ಆಯಿತೆ?’ ಎಂಬುದನ್ನೇ ಕುಶಲಪ್ರಶ್ನೆಯಾಗಿ ಮಾಡಿಕೊಂಡದ್ದು ಸಣ್ಣ ಬದಲಾವಣೆಯಲ್ಲ. ಈ ಬದಲಾವಣೆಯನ್ನು ಹೋಟೆಲುಗಳ ಚರಿತ್ರೆಯಾಗಿ ನೋಡುವುದು ವಾಡಿಕೆ. ಆದರೆ ಬೀಜವನ್ನು ಆರಿಸುವುದು, ಹುರಿದು ಪುಡಿ ಮಾಡುವುದು, ಕಷಾಯವನ್ನು ಇಳಿಸುವುದು ಎಂಬ ಮೂರು ಕ್ರಿಯೆಗಳು ಮನೆಯೊಳಗೆ ನಡೆದವು. ಅವುಗಳ ಚರಿತ್ರೆ ಬಹುಪಾಲು ಹೆಂಗಸರ ಕೈಯಲ್ಲಿತ್ತು. ಆದ್ದರಿಂದಲೇ ಅದು ಬರಹಕ್ಕೆ ಇಳಿದದ್ದು ಕಡಿಮೆ.

ಐತಿಹ್ಯದ ಬೀಜ, ತೋಟದ ಬೀಜ

ಕನ್ನಡನಾಡಿಗೆ ಕಾಫಿ ಬಂದ ಬಗೆಗೆ ಪ್ರಚಲಿತವಾಗಿರುವ ಐತಿಹ್ಯ ಎಲ್ಲರಿಗೂ ತಿಳಿದದ್ದೇ. ಸೂಫಿ ಸಂತ ಬಾಬಾಬುಡನ್ ಹದಿನೇಳನೆಯ ಶತಮಾನದಲ್ಲಿ ಮೆಕ್ಕಾ ಯಾತ್ರೆಯಿಂದ ಮರಳುವಾಗ ಯೆಮೆನ್ ದೇಶದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬುದು ಅದರ ತಿರುಳು. ಬೀಜಗಳನ್ನು ಗಡ್ಡದಲ್ಲಿ ಅಡಗಿಸಿಕೊಂಡರೆಂದು ಒಂದು ಪಾಠ ಹೇಳಿದರೆ, ಸೊಂಟಕ್ಕೆ ಕಟ್ಟಿಕೊಂಡರೆಂದು ಇನ್ನೊಂದು ಪಾಠ ಹೇಳುತ್ತದೆ. ಏಳು ಎಂಬ ಸಂಖ್ಯೆ, ಪವಿತ್ರ ಯಾತ್ರೆ, ಗುಟ್ಟಾಗಿ ತಂದ ಬೀಜ ಇವು ಮೌಖಿಕ ಪರಂಪರೆಯಲ್ಲಿ ಮತ್ತೆ ಮತ್ತೆ ಕಾಣುವ ಆಶಯಗಳು. ಪರದೇಶದ ವಸ್ತುವೊಂದನ್ನು ಸಂತನ ಪ್ರಸಾದವಾಗಿ ಮಾರ್ಪಡಿಸಿ ತನ್ನದಾಗಿಸಿಕೊಳ್ಳುವುದು ಜನಪದದ ಕ್ರಮ.

ಆದರೆ ಇಂದಿನ ಮನೆಗಳಲ್ಲಿ ಬಳಕೆಯಾಗುವ ಬೀಜವನ್ನು ಆ ಏಳು ಬೀಜಗಳ ನೇರ ಸಂತತಿಯೆಂದು ಭಾವಿಸಲಾಗದು. ಚಿಕ್ಕಮಗಳೂರಿನ ದಕ್ಷಿಣದ ಎತ್ತರದ ನೆಲದಲ್ಲಿ ಕ್ಯಾನನ್ ಎಂಬ ಆಂಗ್ಲ ತೋಟಗಾರ 1830ರ ಸುಮಾರಿಗೆ ತೋಟ ಹಾಕಿದಾಗ ಬೆಳೆಯುತ್ತಿದ್ದ ‘ಚಿಕ್’ ತಳಿಯು, 1860ರ ದಶಕದಿಂದ ಕಾಂಡಕೊರಕ ಹುಳು ಮತ್ತು ಎಲೆತುಕ್ಕು ರೋಗಗಳಿಗೆ ಬಲಿಯಾಯಿತು. ಅದರ ಜಾಗಕ್ಕೆ ಕೊಡಗಿನ ತಳಿ ಬಂತು. 1911ರಲ್ಲಿ ಮೈಸೂರು ಸೀಮೆಯ ದೊಡ್ಡೆನಗುಡ್ಡ ತೋಟದಲ್ಲಿ ಕೆಂಟ್ ಎಂಬಾತ ರೋಗ ತಾಳಬಲ್ಲ ಗಿಡವನ್ನು ಗುರುತಿಸಿದನು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಸಂಶೋಧನಾ ಕೇಂದ್ರ ಆರಂಭವಾಗಿ, 1940ರ ದಶಕದ ಮಧ್ಯದಲ್ಲಿ ಅಲ್ಲಿಂದ ‘ಎಸ್. 795’ ತಳಿ ಹೊರಬಂದಿತು. ಇದರೊಂದಿಗೆ ಇಪ್ಪತ್ತನೆಯ ಶತಮಾನದ ಆರಂಭದಿಂದ ರೊಬಸ್ಟಾ ಹರಡಿ, ಇಂದು ದೇಶದ ಒಟ್ಟು ಇಳುವರಿಯ ಮೂರನೆಯ ಎರಡು ಭಾಗಕ್ಕಿಂತ ಹೆಚ್ಚು ಅದರದೇ ಆಗಿದೆ. ಐತಿಹ್ಯ ಒಂದೇ ಆಗಿ ಉಳಿದರೂ ಲೋಟದೊಳಗಿನ ಕಾಫಿ ಹಲವು ಸಲ ಬದಲಾಗಿದೆ.

ರೈಲು, ಕಾರ್ಖಾನೆ, ಬಡಾವಣೆ

ಬೀಜವು ಮಲೆನಾಡಿನಿಂದ ಬಯಲಿಗೆ ಬರಲು ದಾರಿ ಬೇಕಿತ್ತು. ಬೆಂಗಳೂರು–ತುಮಕೂರು ರೈಲುಮಾರ್ಗ 1884ರಲ್ಲಿ ತೆರೆದು, 1889ರ ವೇಳೆಗೆ ಬೀರೂರನ್ನು ಹಾದು ಹರಿಹರದವರೆಗೆ ಮುಂದುವರಿಯಿತು. ಕಾಫಿಸೀಮೆಯ ಅಂಚನ್ನು ಮುಟ್ಟುವ ಈ ಮಾರ್ಗ ಬೆಂಗಳೂರನ್ನು ಪ್ರವೇಶಿಸುವುದು ಯಶವಂತಪುರದ ಮೂಲಕವೇ. ಹಿಂದೂಪುರದ ಕಡೆಯ ಮಾರ್ಗ ಯಲಹಂಕವನ್ನು ಹಾಯುತ್ತದೆ. 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆ, 1950ರ ದಶಕದಲ್ಲಿ ಜಾಲಹಳ್ಳಿಗೆ ಬಂದ ಎಚ್‌.ಎಂ.ಟಿ. ಮತ್ತು ಬಿ.ಇ.ಎಲ್. ಕಾರ್ಖಾನೆಗಳು, 1964ರಲ್ಲಿ ಹೆಬ್ಬಾಳದಲ್ಲಿ ನೆಲೆಗೊಂಡ ಕೃಷಿ ವಿಶ್ವವಿದ್ಯಾನಿಲಯ, ಬಳಿಕ ಬೆಳೆದ ಆರ್.ಟಿ. ನಗರದಂತಹ ಬಡಾವಣೆಗಳು ಸಂಬಳದ ಬದುಕನ್ನು ಇಲ್ಲಿಗೆ ತಂದವು. ಪಾಳಿಯ ಕೆಲಸ, ಗಡಿಯಾರದ ಹೊತ್ತು, ತಿಂಗಳ ದಿನಸಿಯ ಚೀಟಿ ಇವುಗಳ ಜೊತೆಯಲ್ಲಿ ಕಾಫಿಪುಡಿಯೂ ಮನೆ ಹೊಕ್ಕಿತು. ಹೊಲಕ್ಕೆ ಹೋಗುವವನಿಗೆ ಹೊಟ್ಟೆ ತುಂಬಿಸುವ ಅಂಬಲಿ ಬೇಕಿತ್ತು. ಪಾಳಿಗೆ ಹೊರಡುವವನಿಗೆ ನಿದ್ದೆ ತಿಳಿಸುವ ಬಿಸಿಪಾನೀಯ ಬೇಕಾಯಿತು.

ಮಾರುಕಟ್ಟೆಯ ವ್ಯವಸ್ಥೆಯೂ ಇದಕ್ಕೆ ಒದಗಿ ಬಂದಿತು. ಎರಡನೆಯ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಕೈತಪ್ಪಿದಾಗ 1942ರ ಕಾಯಿದೆಯು ಬೆಂಗಳೂರಿನ ಕಾಫಿ ಮಂಡಳಿಗೆ ದೇಶದ ಬೆಳೆಯನ್ನು ಒಟ್ಟುಗೂಡಿಸಿ ಮಾರುವ ಅಧಿಕಾರ ನೀಡಿತು. ಬೆಳೆಗಾರ ತನ್ನ ಫಸಲನ್ನು ಒಂದೇ ಕಣಜಕ್ಕೆ ಸುರಿಯಬೇಕಿದ್ದ ಈ ಪದ್ಧತಿ 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಕೊನೆಗೊಂಡಿತು. ಅರ್ಧ ಶತಮಾನದಷ್ಟು ಕಾಲ ಕೊಳ್ಳುವವರಿಗೆ ತೋಟದ ಹೆಸರಾಗಲಿ ಊರಿನ ಹೆಸರಾಗಲಿ ತಿಳಿಯಲು ಅವಕಾಶವಿರಲಿಲ್ಲ. ದರ್ಜೆಯ ಹೆಸರೊಂದೇ ಉಳಿಯಿತು.

ಆಯ್ಕೆಯ ಪರಿಭಾಷೆ

ಅಂಗಡಿಯ ಕಟ್ಟೆಯ ಮುಂದೆ ಇಂದಿಗೂ ಕೇಳಿಬರುವ ‘ಪ್ಲಾಂಟೇಶನ್ ಎ’, ‘ಪೀಬರಿ’, ‘ಚೆರ್ರಿ’ ಎಂಬ ಮಾತುಗಳು ಈ ದರ್ಜೆಪದ್ಧತಿಯಿಂದ ಬಂದವು. ಹಣ್ಣಿನ ತಿರುಳನ್ನು ತೆಗೆದು ತೊಳೆದು ಒಣಗಿಸಿದ ಅರೇಬಿಕಾ ‘ಪ್ಲಾಂಟೇಶನ್’; ಇಡೀ ಹಣ್ಣನ್ನೇ ಒಣಗಿಸಿ ಸಿಪ್ಪೆ ಬಿಡಿಸಿದ್ದು ‘ಚೆರ್ರಿ’. ‘ಎ’ ಎಂಬುದು ಗಾತ್ರ, ಅಂದರೆ 6.65 ಮಿ.ಮೀ. ಕಣ್ಣಿನ ಜರಡಿಯಲ್ಲಿ ನಿಲ್ಲುವ ಬೀಜ. ಹಣ್ಣಿನಲ್ಲಿ ಎರಡು ಬೇಳೆಗಳ ಬದಲು ಒಂದೇ ಗುಂಡಗೆ ಬೆಳೆದರೆ ಅದು ‘ಪೀಬರಿ’. ಉರುಟಾದ ಈ ಬೀಜ ಬಾಣಲೆಯಲ್ಲಿ ಚೆನ್ನಾಗಿ ಉರುಳಿ ಎಲ್ಲ ಕಡೆ ಸಮನಾಗಿ ಕಾಯುತ್ತದೆ. ಮನೆಯಲ್ಲೇ ಹುರಿಯುತ್ತಿದ್ದವರು ಅದನ್ನು ಮೆಚ್ಚಲು ಇದೂ ಒಂದು ಕಾರಣವಿರಬೇಕು. ಅರೇಬಿಕಾದಲ್ಲಿ ಪರಿಮಳ ಹೆಚ್ಚು, ಕೆಫೀನು ಕಡಿಮೆ. ರೊಬಸ್ಟಾದಲ್ಲಿ ಕಹಿ ಮತ್ತು ಗಟ್ಟಿತನ ಹೆಚ್ಚು, ಕೆಫೀನು ಸುಮಾರು ಎರಡು ಪಟ್ಟು. ಹಾಲು ಬೆರೆಸಿ ಕುಡಿಯುವ ನಾಡಿನಲ್ಲಿ ಎರಡನ್ನೂ ಕೂಡಿಸುವ ಪದ್ಧತಿ ಬೆಳೆದದ್ದು ಸಹಜವಾಗಿದೆ.

ಚಿಕೋರಿಯ ಸೇರ್ಪಡೆ ಇನ್ನೊಂದು ಕಥೆ. ನೆಪೋಲಿಯನ್ನನ 1806ರ ವ್ಯಾಪಾರ ನಿರ್ಬಂಧದಿಂದ ಕಾಫಿಗೆ ಅಭಾವವುಂಟಾದಾಗ ಯುರೋಪಿನಲ್ಲಿ ವ್ಯಾಪಕವಾದ ಈ ಬೇರಿನ ಪುಡಿ ಇಲ್ಲಿ ಕೊರತೆಯ ಗುರುತಾಗಿ ಉಳಿಯದೆ ರುಚಿಯ ಅಂಗವೇ ಆಯಿತು. ಅದರಲ್ಲಿ ಕೆಫೀನು ಇಲ್ಲ. ಬಣ್ಣ ಮತ್ತು ಮಂದತ್ವವುಂಟು. ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಕೂಡದೆಂದೂ ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಬೇಕೆಂದೂ ಆಹಾರ ನಿಯಮಗಳು ವಿಧಿಸುತ್ತವೆ. ‘ಎಂಬತ್ತು–ಇಪ್ಪತ್ತು’ ಎಂದು ಅಂಗಡಿಯವನಿಗೆ ಹೇಳುವ ಮಾತಿನಲ್ಲಿ ಮನೆಯೊಂದರ ಆದಾಯ, ಅಭಿರುಚಿ, ಅತಿಥಿಗಳ ಸಂಖ್ಯೆ ಎಲ್ಲವೂ ಅಡಗಿರುತ್ತವೆ.

ಹುರಿಯುವುದು, ಸೋಸುವುದು

ಹಸಿಬೀಜ ತಂದು ಬಾಣಲೆಯಲ್ಲೋ, ಇದ್ದಿಲ ಒಲೆಯ ಮೇಲೆ ಹಿಡಿ ತಿರುಗಿಸುವ ಉರುಳೆಯಲ್ಲೋ ಹುರಿದು, ಮೇಜಿನ ಅಂಚಿಗೆ ಬಿಗಿದ ಕೈಯಂತ್ರದಲ್ಲಿ ಪುಡಿ ಮಾಡುವುದು ಹಿಂದಿನ ರೂಢಿ. ಹದವನ್ನು ಅಳೆಯಲು ಕಣ್ಣು, ಮೂಗು, ಕಿವಿಗಳೇ ಸಾಧನ. ಬೀಜ ಚಟಪಟ ಸಿಡಿಯುವ ಸದ್ದು, ಹಸಿವಾಸನೆ ಹೋಗಿ ಘಮ ಏಳುವ ಕ್ಷಣ, ಎಣ್ಣೆ ಹೊರಸೂಸುವ ಮುನ್ನ ಒಲೆಯಿಂದ ಇಳಿಸುವ ಎಚ್ಚರ ಇವನ್ನು ಅತ್ತೆಯಿಂದ ಸೊಸೆ ನೋಡಿ ಕಲಿಯುತ್ತಿದ್ದಳು. ಪುಡಿಯಾದ ಕಾಫಿ ಕೆಲವೇ ದಿನಗಳಲ್ಲಿ ಪರಿಮಳ ಕಳೆದುಕೊಳ್ಳುವುದರಿಂದ ಬೇಕಾದಷ್ಟನ್ನೇ ಪುಡಿ ಮಾಡುವುದು ವಿವೇಕವೇ ಆಗಿತ್ತು.

ಕಷಾಯ ಇಳಿಸುವ ವಿಧಾನಗಳಲ್ಲಿ ಮೂರು ಮುಖ್ಯ. ಕುದಿಯುವ ನೀರಿಗೆ ಪುಡಿ ಹಾಕಿ ಗಸಟು ತಳ ಕಂಡ ಮೇಲೆ ಬಗ್ಗಿಸಿಕೊಳ್ಳುವುದು ಮೊದಲನೆಯದು. ಮಲೆನಾಡಿನ ಬೆಲ್ಲದ ಕಾಫಿಗೂ ಇದೇ ಆಧಾರ. ಬಟ್ಟೆಯಲ್ಲಿ ಸೋಸುವುದು ಎರಡನೆಯದು. ಎರಡು ಪಾತ್ರೆಗಳನ್ನು ಒಂದರ ಮೇಲೊಂದು ಕೂರಿಸಿದ ಫಿಲ್ಟರು ಮೂರನೆಯದು. ಮೊದಲು ಹಿತ್ತಾಳೆ, ಬಳಿಕ ಸ್ಟೀಲಿನದಾದ ಈ ಸಾಧನದಲ್ಲಿ ತೂತುಗಳ ಮೇಲೆ ಪುಡಿ ಹರಡಿ, ಒತ್ತುಬಿಲ್ಲೆಯನ್ನು ಹಗುರವಾಗಿ ಇಟ್ಟು, ಕುದಿ ಇಳಿದ ನೀರನ್ನು ಸುರಿದರೆ ಹನಿಹನಿಯಾಗಿ ಡಿಕಾಕ್ಷನ್ ಇಳಿಯಲು ಕಾಲು ಗಂಟೆಯಾದರೂ ಬೇಕು. ಪುಡಿ ಅತಿ ನುಣ್ಣಗಿದ್ದರೆ ಕಟ್ಟಿಕೊಳ್ಳುತ್ತದೆ. ದಪ್ಪಗಿದ್ದರೆ ನೀರು ಬೇಗ ಜಾರಿ ಕಷಾಯ ತೆಳುವಾಗುತ್ತದೆ. ಚಿಕೋರಿ ನೀರನ್ನು ಹಿಡಿದಿಟ್ಟು ಹರಿವನ್ನು ನಿಧಾನಗೊಳಿಸುತ್ತದೆ. ಪುಡಿಯನ್ನು ನೀರಿನಲ್ಲಿ ಕುದಿಸಿದರೆ ಏಳುವ ಒಗರು ಈ ವಿಧಾನದಲ್ಲಿ ತಗ್ಗುತ್ತದೆ.

ನೀರಿನ ಪಾತ್ರವೂ ಕಡೆಗಣಿಸುವಂಥದ್ದಲ್ಲ. ಯಲಹಂಕದ ಪಶ್ಚಿಮಕ್ಕಿರುವ ಹೆಸರಘಟ್ಟ ಕೆರೆಯ ನೀರು 1890ರ ದಶಕದಲ್ಲಿ ಕೊಳವೆಗಳಲ್ಲಿ ನಗರಕ್ಕೆ ಹರಿಯಿತು. ಸುತ್ತಣ ಹಳ್ಳಿಗಳು ಮಾತ್ರ ತಮ್ಮ ಬಾವಿಗಳನ್ನೇ ನಂಬಿದ್ದವು. ಸಿಹಿನೀರಿನ ಬಾವಿ, ಉಪ್ಪುನೀರಿನ ಬಾವಿ ಎಂಬ ಜನಪದ ವಿಂಗಡಣೆ ಅಡುಗೆಗೆ ಹೇಗೋ ಕಾಫಿಗೂ ಹಾಗೆಯೇ ಸಲ್ಲುತ್ತದೆ. ಗಡಸು ನೀರಿನ ಕ್ಷಾರಗುಣ ಅರೇಬಿಕಾದ ಹುಳಿಯನ್ನು ಅಳಿಸಿ ರುಚಿಯನ್ನು ಸಪ್ಪೆಯಾಗಿಸುತ್ತದೆ. ಆಳದ ಕೊಳವೆಬಾವಿಗಳನ್ನು ಅವಲಂಬಿಸಿದ ಬಡಾವಣೆಗಳಲ್ಲಿ ಒಳ್ಳೆಯ ಪುಡಿಯೂ ಸೋಲಬಹುದಾದ ಕಾರಣ ಇದು.

ಉಪಸಂಹಾರ

ಇಪ್ಪತ್ತನೆಯ ಶತಮಾನದ ಉದ್ದಕ್ಕೂ ಹುರಿಯುವ ಕೆಲಸ ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಕಾರ್ಖಾನೆಗೆ ಸರಿಯಿತು. ದಿಢೀರ್ ಕಾಫಿಯು ಸೋಸುವ ಕೆಲಸವನ್ನೂ ಕಿತ್ತುಕೊಂಡಿತು. ಶ್ರಮ ಇಳಿಯಿತೆಂಬುದು ನಿಜ, ಮತ್ತು ಆ ಶ್ರಮ ಹೆಂಗಸರದಾಗಿದ್ದುದರಿಂದ ಅದರ ಅಂತ್ಯಕ್ಕಾಗಿ ಮರುಗಬೇಕಿಲ್ಲ. ಆದರೆ ಶ್ರಮದೊಂದಿಗೆ ಅರಿವೂ ಹೋಯಿತು. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಗಳ ಅರೇಬಿಕಾ ಕಾಫಿಗೆ ಭೌಗೋಳಿಕ ಗುರುತು ದೊರೆತಿದೆ. ತೋಟದ ಹೆಸರು ಹೊತ್ತ ಪೊಟ್ಟಣಗಳೂ ಕಾಣಿಸಿಕೊಂಡಿವೆ. ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟನ್ನು ಬೆಳೆಯುವ ರಾಜ್ಯದ ಮನೆಗಳಿಗೆ ಬೀಜದ ಊರು ಮತ್ತೆ ತಿಳಿಯುವಂತಾದುದು ಸಣ್ಣ ವಿಷಯವಲ್ಲ. ಆದರೆ ಹದವನ್ನು ಸದ್ದಿನಿಂದ ಗುರುತಿಸಬಲ್ಲ ಕಿವಿಗಳು ಕಡಿಮೆಯಾಗುತ್ತಿವೆ. ಹಾಡು, ಕಥೆ, ಗಾದೆಗಳನ್ನು ಸಂಗ್ರಹಿಸಿದ ಶ್ರದ್ಧೆಯಿಂದಲೇ ಈ ಅಡುಗೆಮನೆಯ ಅರಿವನ್ನೂ, ಅದನ್ನು ಬಲ್ಲವರು ಇರುವಾಗಲೇ, ದಾಖಲಿಸಬೇಕಾದುದು ಜಾನಪದ ಅಧ್ಯಯನದ ಮುಂದಿರುವ ಕೆಲಸವಾಗಿದೆ.