ಪದ ಪರಿಚಯ: ಉಪಗ್ರಹ

ಸಂಸ್ಕೃತದ 'ಗ್ರಹ್' ಎಂದರೆ ಹಿಡಿ. ಗ್ರಹ, ಗ್ರಹಣ, ಆಗ್ರಹ, ಅನುಗ್ರಹ ಎಲ್ಲವೂ ಅದರ ಬಳಗ. 'ಉಪ' ಸೇರಿದರೆ ಹತ್ತಿರದ, ಅಧೀನದ ಗ್ರಹ. ಜೋಯಿಸರಿಗೆ ಗುಳಿಕನೂ ಉಪಗ್ರಹವೇ; ಖಗೋಳದಲ್ಲಿ ಚಂದ್ರ; ಈಗ ಹೆಚ್ಚಾಗಿ ಯಂತ್ರ.

ಯಂತ್ರಕ್ಕೆ ಪಕ್ಷವಿಲ್ಲ. 2008ರ ನವೆಂಬರ್ 26ರಂದು ಕಡಲಿನಿಂದ ಮುಂಬಯಿಗೆ ನುಗ್ಗಿದ ಹತ್ತು ಉಗ್ರರ ಬಳಿ ಜಿಪಿಎಸ್ ಸಾಧನವಿತ್ತು, ಉಪಗ್ರಹ ಫೋನೂ ಇತ್ತು. ಸೈನ್ಯವೇ ಇಲ್ಲದವರ ಯುದ್ಧಕ್ಕೂ ಆಕಾಶ ದಾರಿ ತೋರಿಸಿತಲ್ಲ ಎಂಬ ಸಂಕಟ ಇಂದಿಗೂ ಆರಿಲ್ಲ. ಆ ದಾಳಿಯ ಬಳಿಕ, 2009ರ ಏಪ್ರಿಲ್ 20ರಂದು, ಇಸ್ರೋ ಕಣ್ಗಾವಲಿಗೆಂದು ರಿಸ್ಯಾಟ್-2 ಉಪಗ್ರಹ ಹಾರಿಸಿತು. ಅದರ ರಾಡಾರ್‌ಗೆ ಇರುಳೂ ಮೋಡವೂ ಅಡ್ಡಿಯಾಗಿರಲಿಲ್ಲ.

ಅದೇ ಮುಂಬಯಿಯ ಪವಾಯಿಯಲ್ಲಿ ಐಐಟಿ ವಿದ್ಯಾರ್ಥಿಗಳು ಕಟ್ಟಿದ 'ಪ್ರಥಮ್' ಉಪಗ್ರಹ 2016ರ ಸೆಪ್ಟೆಂಬರ್ 26ರಂದು ಕಕ್ಷೆ ಸೇರಿತು. ಜಿಪಿಎಸ್ ಲೆಕ್ಕ ತಪ್ಪಿಸುವ ಅಯಾನುಗೋಳದ ಎಲೆಕ್ಟ್ರಾನುಗಳನ್ನು ಅಳೆಯುವುದು ಅದರ ಕೆಲಸವಾಗಿತ್ತು.