‘ಅವಂಕ್ಯುಲರ್’: ಒಂದು ಗುಣವಾಚಕವೂ ಅಳಿಯಸಂತಾನದ ಮಾವನೂ

ಇಂಗ್ಲಿಷಿನ ‘ಅವಂಕ್ಯುಲರ್’ ಎಂಬ ಗುಣವಾಚಕಕ್ಕೆ ನಿಘಂಟುಗಳು ಎರಡು ಅರ್ಥಗಳನ್ನು ಕೊಡುತ್ತವೆ. ‘ಅಂಕಲ್’ ಎನಿಸಿಕೊಳ್ಳುವ ಬಂಧುವಿಗೆ ಸಂಬಂಧಿಸಿದ್ದು ಎಂಬುದು ಒಂದು. ಕಿರಿಯರ ವಿಷಯದಲ್ಲಿ ಹಿರಿಯನೊಬ್ಬನು ತೋರುವ ಸಲುಗೆಯ ವಾತ್ಸಲ್ಯವುಳ್ಳದ್ದು ಎಂಬುದು ಇನ್ನೊಂದು. ಬಳಕೆಯಲ್ಲಿ ಹೆಚ್ಚು ಕಾಣುವುದು ಎರಡನೆಯದೇ. ರಕ್ತಸಂಬಂಧವೇ ಇಲ್ಲದ ಅಧ್ಯಾಪಕನನ್ನೋ ವೈದ್ಯನನ್ನೋ ಮುತ್ಸದ್ದಿಯನ್ನೋ ಈ ಪದದಿಂದ ವರ್ಣಿಸುವುದುಂಟು. ಆದರೆ ಪದದ ಮೂಲವನ್ನು ಕೆದಕಿದರೆ ಅಲ್ಲಿರುವುದು ಯಾವುದೋ ಒಬ್ಬ ‘ಅಂಕಲ್’ ಅಲ್ಲ, ನಿರ್ದಿಷ್ಟವಾಗಿ ತಾಯಿಯ ಸೋದರ.

ಲ್ಯಾಟಿನ್ನಿನಲ್ಲಿ ‘ಅವುಂಕುಲುಸ್’ ಎಂದರೆ ಸೋದರಮಾವ. ‘ಅವುಸ್’ ಎಂದರೆ ಅಜ್ಜ; ಅದರ ಅಲ್ಪಾರ್ಥಕ ರೂಪವಿದು, ‘ಪುಟ್ಟ ಅಜ್ಜ’ ಎಂದಂತೆ. ತಂದೆಯ ಸೋದರನಿಗೆ ಅಲ್ಲಿ ಬೇರೆಯೇ ಪದವಿತ್ತು, ‘ಪತ್ರುಉಸ್’. ರೋಮನ್ನರ ಕಾನೂನಿನಲ್ಲಿ ಈ ಪತ್ರುಉಸ್ ಗಂಡುಸಂತತಿಯ ಬಂಧು. ತಂದೆಯಿಲ್ಲದ ಮಕ್ಕಳ ಪೋಷಕತ್ವದ ಹಕ್ಕು ಅವನಿಗೆ ಬರಬಹುದಾಗಿತ್ತು. ಸಿಸೆರೊ, ಹೊರೇಸರ ಬರಹಗಳಲ್ಲಿ ಈ ಪದ ಗದರಿಸುವ, ತಪ್ಪು ಹುಡುಕುವ ಹಿರಿಯನಿಗೆ ಪರ್ಯಾಯವೆಂಬಂತೆ ಬಂದಿದೆ. ಸೋದರಮಾವನಿಗೆ ಅಂಥ ಅಧಿಕಾರವಿರಲಿಲ್ಲ. ಕ್ರಿ.ಶ. 79ರ ವೆಸೂವಿಯಸ್ ಸ್ಫೋಟದಲ್ಲಿ ಮಡಿದ ಹಿರಿಯ ಪ್ಲಿನಿ ಕಿರಿಯ ಪ್ಲಿನಿಗೆ ಸೋದರಮಾವ. ಮರಣಶಾಸನದ ಮೂಲಕ ಅವನನ್ನು ದತ್ತು ಸ್ವೀಕರಿಸಿದವನೂ ಅವನೇ. ಹೆಣ್ಣಿನ ಕಡೆಯ ಸಂಬಂಧವನ್ನು ಉತ್ತರಾಧಿಕಾರವಾಗಿಸಲು ರೋಮಿನಲ್ಲಿ ಹೀಗೆ ದತ್ತಕದ ಆಸರೆ ಪಡೆಯುವುದಿತ್ತು. ಜೂಲಿಯಸ್ ಸೀಸರನ ಸೋದರಿಯ ಮೊಮ್ಮಗ ಆಕ್ಟೇವಿಯನ್ ಕ್ರಿ.ಪೂ. 44ರಲ್ಲಿ ಸೀಸರನ ಹೆಸರನ್ನು ಪಡೆದದ್ದೂ ಈ ದಾರಿಯಿಂದಲೇ.

ಹಳೆಯ ಇಂಗ್ಲಿಷಿನಲ್ಲಿಯೂ ಈ ಭೇದವಿತ್ತು. ತಾಯಿಯ ಸೋದರ ‘ಏಅಮ್’, ತಂದೆಯ ಸೋದರ ‘ಫೆದೆರ’. 1066ರ ನಾರ್ಮನ್ ವಿಜಯದ ತರುವಾಯ ಫ್ರೆಂಚಿನ ಮೂಲಕ ಅವುಂಕುಲುಸ್ ಪದವೇ ‘ಅಂಕಲ್’ ಆಗಿ ಒಳಬಂದು ಎರಡನ್ನೂ ನುಂಗಿತು. ಕಟುವಾದ ಪತ್ರುಉಸ್ ಹೆಸರಿಲ್ಲದೆ ಹೋದ. ಅಧಿಕಾರವಿಲ್ಲದ ಮಾವನ ಹೆಸರು ಉಳಿಯಿತು. ‘ಅವಂಕ್ಯುಲರ್’ ಪದದ ಇಂದಿನ ಮೃದುತ್ವಕ್ಕೆ ಈ ಇತಿಹಾಸವೊಂದೇ ಕಾರಣವೆನ್ನಲಾಗದು. ಆದರೂ ಮಾನವಶಾಸ್ತ್ರಜ್ಞ ರ‍್ಯಾಡ್‌ಕ್ಲಿಫ್-ಬ್ರೌನ್ 1924ರಲ್ಲಿ ದಕ್ಷಿಣ ಆಫ್ರಿಕದ ಸೋದರಮಾವನನ್ನು ಕುರಿತ ಪ್ರಬಂಧದಲ್ಲಿ ಮಂಡಿಸಿದ ವಿಚಾರ ಇಲ್ಲಿ ನೆರವಾಗುತ್ತದೆ. ಶಿಸ್ತು, ಅಧಿಕಾರಗಳು ತಂದೆಯ ಕಡೆ ನೆಲೆಸಿದಲ್ಲಿ ಸಲುಗೆ ತಾಯಿಯ ಕಡೆಗೆ ಹರಿಯುತ್ತದೆ. ಹಸ್ತಿನಾವತಿಯಲ್ಲಿ ಶಕುನಿಗೆ ರಾಜ್ಯದ ಹಕ್ಕಿಲ್ಲ. ಅಳಿಯನ ಮೇಲಿನ ಸಲುಗೆಯೇ ಅವನ ಬಲ. ಆ ಸಲುಗೆ ಕುಲನಾಶಕ್ಕೆ ದಾರಿಯಾದದ್ದು ಬೇರೆ ಮಾತು.

ತುಳುನಾಡಿಗೆ ಬಂದರೆ ಈ ಲೆಕ್ಕ ತಿರುಗುಮುರುಗಾಗುತ್ತದೆ. ಬಂಟರು, ಬಿಲ್ಲವರು ಮತ್ತು ಅಲ್ಲಿನ ಜೈನರಲ್ಲಿ ಬಹುಪಾಲು ಮನೆತನಗಳು ಅನುಸರಿಸಿದ ಅಳಿಯಸಂತಾನ ಕಟ್ಟಿನಲ್ಲಿ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿಯುತ್ತದೆ. ಕುಟುಂಬದ ಯಜಮಾನ ಸಾಮಾನ್ಯವಾಗಿ ಸೋದರಮಾವ, ತುಳುವಿನಲ್ಲಿ ‘ತಮ್ಮಲೆ’. ಹಿರಿಯ ಹೆಣ್ಣು ಯಜಮಾನ್ತಿಯಾಗುವುದೂ ಉಂಟು. ಗದ್ದೆಯ ಲೆಕ್ಕ ಕೇಳುವವನು, ಮದುವೆಯ ಮಾತಾಡುವವನು, ಗದರಿಸುವವನು ಮಾವ. ತಂದೆ ಬೇರೊಂದು ಕುಟುಂಬದವನು. ಇಂಥ ಮನೆಯ ಮಾವನನ್ನು ‘ಅವಂಕ್ಯುಲರ್’ ಎಂದರೆ ಮೊದಲನೆಯ ಅರ್ಥದಲ್ಲಿ ಸರಿ, ಎರಡನೆಯ ಅರ್ಥದಲ್ಲಿ ದಾರಿತಪ್ಪಿಸುವ ಮಾತು. ರೋಮನ್ನರ ಪತ್ರುಉಸನಿಗೇ ಅವನು ಹತ್ತಿರದವನು.

ಸಂಶೋಧಕರಿಗೆ ಇದಕ್ಕಿಂತ ದೊಡ್ಡ ತೊಡಕು ‘ಅಳಿಯ’ ಪದದಲ್ಲಿದೆ. ಸೋದರಿಕೆಯ ಮದುವೆ ರೂಢಿಯಲ್ಲಿದ್ದ ಸಮಾಜದ ಭಾಷೆಯಾದ್ದರಿಂದ ಕನ್ನಡದಲ್ಲಿ ತಾಯಿಯ ಸೋದರನೂ ಹೆಂಡತಿಯ ತಂದೆಯೂ ಮಾವನೇ. ಸೋದರಿಯ ಮಗನೂ ಮಗಳ ಗಂಡನೂ ಅಳಿಯನೇ. 1565ರ ಯುದ್ಧದಲ್ಲಿ ಮಡಿದ ಅಳಿಯ ರಾಮರಾಯ ಕೃಷ್ಣದೇವರಾಯನ ಮಗಳ ಗಂಡ. ಕಾರ್ಕಳದಲ್ಲಿ 1586ರಲ್ಲಿ ಚತುರ್ಮುಖ ಬಸದಿಯನ್ನು ಕಟ್ಟಿಸಿದ ಇಮ್ಮಡಿ ಭೈರರಸ ಒಡೆಯನಾದರೋ ಹಿಂದಿನ ಭೈರರಸನ ಸೋದರಿ ಗುಮ್ಮಟಾಂಬೆಯ ಮಗ. ಮೊದಲನೆಯವನಿಗೆ ‘ಅಳಿಯ’ ಎಂಬುದು ಮದುವೆಯಿಂದ ಬಂದ ನಂಟು, ಎರಡನೆಯವನಿಗೆ ಪಟ್ಟದ ಹಕ್ಕು. ಇಂಗ್ಲಿಷಿನ ‘ನೆಫ್ಯೂ’ ಎಂದು ಅನುವಾದಿಸಿದರೂ ಗೊಂದಲ ಪೂರ್ತಿ ಕಳೆಯದು. ಆ ಪದ ಸೋದರನ ಮಗನಿಗೂ ಸಲ್ಲುತ್ತದೆ, ಅಳಿಯಸಂತಾನದಲ್ಲಿ ಅವನಿಗೆ ಪಟ್ಟವಿಲ್ಲ. ಆದಕಾರಣ ಕರಾವಳಿಯ ಶಾಸನಗಳಲ್ಲಿ ವಂಶಾವಳಿ ಕಟ್ಟುವವರು ಬಂಧುವಾಚಕ ಪದದ ಮೇಲೆ ಭಾರ ಹಾಕುವ ಮೊದಲು ತಾಯಿಯ ಹೆಸರನ್ನು ಹುಡುಕಬೇಕು.

ಈ ಕಟ್ಟು 20ನೆಯ ಶತಮಾನದಲ್ಲಿ ಸಡಿಲಾಯಿತು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಕುಟುಂಬದ ಕವರುಗಳಿಗೆ ಆಸ್ತಿಯಲ್ಲಿ ಪಾಲು ಕೇಳುವ ಅವಕಾಶವಿತ್ತಿತು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮ ಗಂಡಸಿನ ಪಾಲು ಅವನ ಹೆಂಡತಿ ಮಕ್ಕಳಿಗೂ ಸಲ್ಲುವಂತೆ ಮಾಡಿತು. ಯಜಮಾನಿಕೆ ಕಳೆದ ಮೇಲೆ ಮಾವನಿಗೆ ಉಳಿದದ್ದು ಮದುವೆ, ಬೊಜ್ಜ, ದೈವದ ನೇಮಗಳಲ್ಲಿನ ಮರ್ಯಾದೆ.