ರೊಟ್ಟಿಯೊಂದರ ಹೆಸರಿನ ಮೂಲ

ಓಟ್ಸ್ ಅಥವಾ ಬಾರ್ಲಿ ಹಿಟ್ಟನ್ನು ನಾದಿ, ಗುಂಡಗೆ ತಟ್ಟಿ, ಕಬ್ಬಿಣದ ಹಂಚಿನ ಮೇಲೆ ಬೇಯಿಸುವ ದಪ್ಪ ರೊಟ್ಟಿಗೆ ಸ್ಕಾಟ್ಲೆಂಡಿನಲ್ಲಿ ‘ಬ್ಯಾನಕ್’ ಎಂದು ಹೆಸರು. ಗೋಧಿ ಸುಲಭವಾಗಿ ಕೈಹತ್ತದ ಆ ಚಳಿನಾಡಿನಲ್ಲಿ ಬಡವರ ಹಸಿವನ್ನು ನೀಗಿಸಿದ್ದು ಇಂಥ ರೊಟ್ಟಿಯೇ. ಇಂಗ್ಲೆಂಡಿನಲ್ಲಿ ಕುದುರೆಗಿಕ್ಕುವ ಓಟ್ಸ್ ಸ್ಕಾಟ್ಲೆಂಡಿನಲ್ಲಿ ಮನುಷ್ಯರ ಆಹಾರವೆಂಬ ಕೊಂಕನ್ನು ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನಲ್ಲಿಯೇ ಸೇರಿಸಿದ. ಜೋಳ, ರಾಗಿಗಳನ್ನುಣ್ಣುವ ಸೀಮೆಗಳಿಂದ ಬಂದ ನಮಗೆ ಆ ಧಾಟಿಯೇನೂ ಅಪರಿಚಿತವಲ್ಲ.

ಈ ಹೆಸರಿನ ಅತಿ ಹಳೆಯ ರೂಪ ದೊರೆಯುವುದು ಹಳೆಯ ಇಂಗ್ಲಿಷಿನಲ್ಲಿ. 709ರಲ್ಲಿ ತೀರಿಕೊಂಡ ಆಲ್ಡ್‌ಹೆಲ್ಮ್ ಎಂಬ ಧರ್ಮಗುರುವಿನ ಲ್ಯಾಟಿನ್ ಕೃತಿಗೆ ಬರೆದ ಟಿಪ್ಪಣಿಗಳಲ್ಲಿ ‘ಬನ್ನುಕ್’ ಎಂಬ ಪದವಿದೆ. ಅದರ ಅರ್ಥ ತುಣುಕು, ತುತ್ತು. ಸ್ಕಾಟಿಷ್ ಗೇಲಿಕ್‌ನಲ್ಲಿ ಇದೇ ರೊಟ್ಟಿ ‘ಬೊನ್ನಖ್’. ಇಂಗ್ಲಿಷರು ಈ ಪದವನ್ನು ಕೆಲ್ಟಿಕ್ ಜನರಿಂದ ಪಡೆದರು, ಕೆಲ್ಟಿಕ್ ಜನರು ಲ್ಯಾಟಿನ್ನಿನ ‘ಪಾನಿಕಿಯುಮ್’ ಎಂಬುದರಿಂದ ಪಡೆದಿರಬೇಕು ಎಂಬುದು ಪದಮೂಲ ಶೋಧಕರ ಊಹೆ. ಬೇಯಿಸಿದ ಹಿಟ್ಟಿನ ತಿನಿಸು ಎಂಬರ್ಥದ ಆ ಪದದ ಬೇರು ‘ಪಾನಿಸ್’, ಅಂದರೆ ರೊಟ್ಟಿ. ರೋಮನ್ನರು ಬ್ರಿಟನ್ನನ್ನು ಸುಮಾರು ಮೂರೂವರೆ ಶತಮಾನಗಳಿಗೂ ಹೆಚ್ಚು ಕಾಲ ಆಳಿದ್ದರಿಂದ ಇದು ಅಸಂಭವವಲ್ಲ. ಪಕಾರ ಬಕಾರವಾಯಿತೇ ಎಂದು ಹುಬ್ಬೇರಿಸುವವರುಂಟು. ‘ಪಾಲು’ ಹಾಲಾಗಿ, ‘ಪೂ’ ಹೂವಾಗಿ ಬದಲಾದ ಭಾಷೆಯನ್ನಾಡುವ ನಾವಂತೂ ಅದಕ್ಕೆ ಬೆರಗಾಗಬೇಕಿಲ್ಲ. ಆಳಿದವರ ಮಾತು ಆಳಿಸಿಕೊಂಡವರ ಒಲೆಯ ಬಳಿ ಉಳಿದು, ಅಲ್ಲಿಂದ ಅನಂತರ ಬಂದವರ ನಾಲಗೆಗೆ ದಾಟಿತೆಂಬ ಈ ವಿವರಣೆಯೇ ನಮಗೆ ಹೆಚ್ಚು ಒಪ್ಪಿಗೆಯಾಗುತ್ತದೆ.

ಧ್ವನಿಸಾಮ್ಯವನ್ನು ನಂಬಿ ಮೋಸಹೋಗುವ ಸಂಭವವೂ ಇದೆ. 1314ರಲ್ಲಿ ರಾಬರ್ಟ್ ಬ್ರೂಸ್ ಇಂಗ್ಲಿಷರ ಸೇನೆಯನ್ನು ಸೋಲಿಸಿದ ಬ್ಯಾನಕ್‌ಬರ್ನ್ ಎಂಬ ಸ್ಥಳದ ಹೆಸರಿಗೂ ರೊಟ್ಟಿಗೂ ನಂಟಿಲ್ಲ. ಅಲ್ಲಿರುವುದು ಶಿಖರವುಳ್ಳ ಬೆಟ್ಟವೆಂಬರ್ಥದ ಪ್ರಾಚೀನ ಬ್ರಿಟಾನಿಕ್ ಪದ. ‘ಬರ್ನ್’ ಎಂದರೆ ತೊರೆ. ಊರ ಹೆಸರಿಗೆ ಕತೆ ಕಟ್ಟುವ ಚಪಲ ಎಲ್ಲ ನಾಡಿನಲ್ಲಿಯೂ ಒಂದೇ ಬಗೆಯದು.

ರೊಟ್ಟಿಯನ್ನು ನಾಲ್ಕು ಭಾಗ ಮಾಡಿದರೆ ಪ್ರತಿ ತುಂಡೂ ‘ಫಾರ್ಲ್’. ನಾಲ್ಕನೆಯ ಪಾಲು ಎಂಬ ಪದ ಸವೆದು ಆ ರೂಪ ತಾಳಿತು. ಹಬ್ಬಗಳಿಗೆ ಬೇರೆ ಬೇರೆ ಬ್ಯಾನಕ್‌ಗಳಿದ್ದವು. ಮೇ ತಿಂಗಳ ಆರಂಭದ ಬೆಲ್ಟೇನ್ ಹಬ್ಬದ ರೊಟ್ಟಿಯ ಮೇಲೆ ಒಂಬತ್ತು ಗುಬ್ಬಿಗಳನ್ನೆಬ್ಬಿಸಿ, ಒಂದೊಂದನ್ನೇ ಮುರಿದು ಹೆಗಲ ಮೇಲಿಂದ ಹಿಂದಕ್ಕೆಸೆದು, ಕುದುರೆ ಕುರಿಗಳನ್ನು ಕಾಪಾಡೆಂದು ದನಗಾಹಿಗಳು ಬೇಡಿಕೊಳ್ಳುತ್ತಿದ್ದುದನ್ನು 1769ರಲ್ಲಿ ಸ್ಕಾಟ್ಲೆಂಡ್ ಸುತ್ತಿದ ಥಾಮಸ್ ಪೆನ್ನಂಟ್ ದಾಖಲಿಸಿದ್ದಾನೆ. ನರಿ, ಹದ್ದುಗಳಿಗೂ ಪಾಲು ಕೊಟ್ಟು ಮರಿಗಳನ್ನು ಬಿಟ್ಟುಬಿಡೆಂದು ಕೇಳುತ್ತಿದ್ದರಂತೆ! 1859ರಿಂದ ಸೆಲ್ಕರ್ಕ್ ಪಟ್ಟಣದಲ್ಲಿ ರಾಬಿ ಡಗ್ಲಸ್ ಮಾರತೊಡಗಿದ ಒಣದ್ರಾಕ್ಷಿಯ ಸಿಹಿ ಬ್ಯಾನಕ್ ಇಂದು ಹೆಸರುವಾಸಿ. ಹಿಟ್ಟು, ಹಂಚುಗಳ ಹಳೆಯ ರೊಟ್ಟಿಗೆ ಅದು ದೂರದ ನೆಂಟ ಮಾತ್ರ.

ಗೋವಾದಲ್ಲಿರುವ ನಮಗೆ ಈ ಪದದ ಇನ್ನೊಂದು ಕವಲು ಮನೆಬಾಗಿಲಲ್ಲಿಯೇ ಇದೆ. ಲ್ಯಾಟಿನ್ನಿನ ‘ಪಾನಿಸ್’ ಪೋರ್ಚುಗೀಸರಲ್ಲಿ ‘ಪಾಂವ್’ ಆಯಿತು. ಅವರೊಡನೆ ಈ ಕರಾವಳಿಗೆ ಬಂದು ಕೊಂಕಣಿ, ಮರಾಠಿ, ಕನ್ನಡಗಳಲ್ಲಿ ‘ಪಾವ್’ ಆಗಿ ನೆಲೆಸಿತು. ಬೆಳಗಿನ ಜಾವ ಸೈಕಲ್ಲಿನ ಹಾರ್ನ್ ಒತ್ತುತ್ತ ಓಣಿಗೆ ಬರುವ ‘ಪೊದೇರ್’ನ ಹೆಸರಿನಲ್ಲಿಯೂ ಆ ಬೇರೇ ಅಡಗಿದೆ.